ಮೀನಿನ ಪಿಕಪ್‌ಗೆ ಸಿಂಥೆಟಿಕ್ ಆಯಿಲ್: ಡಬ್ಬಿಯ ಹಿಂಭಾಗ ಓದಿ

ಪ್ರಶ್ನೆ: ನನ್ನ ಹತ್ತಿರ ಎರಡು ಡೀಸೆಲ್ ಪಿಕಪ್ ಇವೆ. ಒಂದು 2021ರ ಬಿಎಸ್ 6 ಗಾಡಿ. ಮಲ್ಪೆಯಲ್ಲಿ ಮೀನು ತುಂಬಿ, ಹೆಬ್ರಿ ದಾಟಿ, ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗಕ್ಕೆ ಹೋಗುತ್ತದೆ. ಇನ್ನೊಂದು 2012ರ ಹಳೆಯ ಗಾಡಿ. ಅದು ಬ್ರಹ್ಮಾವರದ ಸುತ್ತಮುತ್ತ ತೆಂಗಿನಕಾಯಿ, ಕೆಂಪುಕಲ್ಲು ಹೊರುತ್ತದೆ. ಇಷ್ಟು ದಿನ ಎರಡಕ್ಕೂ ಗ್ಯಾರೇಜಿನ ಬ್ಯಾರೆಲ್‌ನಿಂದ 15ಡಬ್ಲ್ಯು-40 ಹಾಕಿಸುತ್ತಿದ್ದೆ. ಹೊಸ ಗಾಡಿಗೆ 5ಡಬ್ಲ್ಯು-30 ಫುಲ್ ಸಿಂಥೆಟಿಕ್ ಹಾಕಿದರೆ 20,000 ಕಿ.ಮೀ. ತಿರುಗಿ ನೋಡಬೇಕಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ನಮ್ಮ ಊರಿನ ಸೆಖೆಗೆ ನೀರಿನಂಥ ಎಣ್ಣೆ ಹಾಕಿದರೆ ಎಂಜಿನ್ ಹೋಗ್ತದೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಆದರೆ ನಿಮ್ಮ ಹೊಸ ಗಾಡಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಇಬ್ಬರೂ ಹೇಳಿಲ್ಲ. ಎಣ್ಣೆ ದಪ್ಪವೋ ತೆಳುವೋ, ಸಿಂಥೆಟಿಕ್ಕೋ ಮಿನರಲ್ಲೋ ಎನ್ನುವ ಪ್ರಶ್ನೆ ಆಮೇಲಿನದು. ಮೊದಲು ನೋಡಬೇಕಾದದ್ದು ಆ ಎಣ್ಣೆ ಸುಟ್ಟಾಗ ಎಷ್ಟು ಬೂದಿ ಉಳಿಯುತ್ತದೆ ಎನ್ನುವುದನ್ನು. ಇದು ಡಬ್ಬಿಯ ಮುಂದೆ ದೊಡ್ಡ ಅಕ್ಷರದಲ್ಲಿ ಬರೆದಿರುವುದಿಲ್ಲ. ಹಿಂಭಾಗದಲ್ಲಿ, ಸಣ್ಣ ಅಕ್ಷರದಲ್ಲಿ, ಒಂದು ಸಂಕೇತದ ರೂಪದಲ್ಲಿ ಇರುತ್ತದೆ. ಆ ಸಂಕೇತ ಓದಲು ಬಂದರೆ ಸಾಕು, ಉಳಿದದ್ದು ಸುಲಭ.

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್ 6, ಅಂದರೆ ಗಾಡಿಯ ಹೊಗೆಗೆ ಇನ್ನಷ್ಟು ಬಿಗಿಯಾದ ಮಿತಿ, ಬಂತು. ಡೀಸೆಲ್‌ನಲ್ಲಿರುವ ಗಂಧಕ ಬಿಎಸ್ 3ರ ಕಾಲದಲ್ಲಿ 10 ಲಕ್ಷ ಭಾಗಕ್ಕೆ 350 ಭಾಗದವರೆಗೆ ಇರಬಹುದಿತ್ತು. ಬಿಎಸ್ 4ರಲ್ಲಿ ಅದು 50ಕ್ಕೆ ಇಳಿಯಿತು. ಈಗ 10. ಕುತ್ತೆತ್ತೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಿಂದ ಹೊರಬರುವ ಬಿಎಸ್ 6 ಡೀಸೆಲ್‌ಗೂ ಇದೇ ಮಿತಿ. ಗಂಧಕ ಕಡಿಮೆ ಮಾಡಿದ ದೊಡ್ಡ ಕಾರಣ ಹೊಗೆ ಕೊಳವೆಯೊಳಗೆ ಕೂರಿಸುವ ಹೊಸ ಸಾಮಾನುಗಳು. ಅದರಲ್ಲಿ ನಿಮಗೆ ಸಂಬಂಧಪಟ್ಟದ್ದು ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಬಿಎಸ್ 6 ಡೀಸೆಲ್ ಪಿಕಪ್ ಅಂದರೆ ಅದರಲ್ಲಿ ಡಿಪಿಎಫ್ ಇದೆ ಅಂತಲೇ ಇಟ್ಟುಕೊಳ್ಳಿ. ಅನುಮಾನವಿದ್ದರೆ ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಆ ಹೆಸರು ಹುಡುಕಿ. ಮೀಟರ್ ಬೋರ್ಡಿನಲ್ಲಿ ಅದಕ್ಕೊಂದು ದೀಪವೂ ಇರುತ್ತದೆ.

ಮಸಿ ತುಂಬಿದಾಗ ಎಂಜಿನ್ ತಾನೇ ಆ ಫಿಲ್ಟರನ್ನು ಕಾಯಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ರಿಜನರೇಶನ್ ಎನ್ನುತ್ತಾರೆ. ಆದರೆ ಮಸಿ ಬೇರೆ, ಬೂದಿ ಬೇರೆ. ಒಲೆಯಲ್ಲಿ ಇದ್ದಿಲನ್ನು ಇನ್ನೊಮ್ಮೆ ಉರಿಸಬಹುದು, ಬೂದಿಯನ್ನು ಉರಿಸಲು ಆಗುವುದಿಲ್ಲ, ಬಾಚಿಯೇ ತೆಗೆಯಬೇಕು. ಡಿಪಿಎಫ್‌ನಲ್ಲೂ ಅಷ್ಟೇ. ಈ ಬೂದಿಯಲ್ಲಿ ಹೆಚ್ಚಿನದು ಬರುವುದು ಎಂಜಿನ್ ಆಯಿಲ್‌ನಿಂದ. ಎಣ್ಣೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು ಇರುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಎಂಜಿನ್ನಿನ ಒಳಗನ್ನು ಸ್ವಚ್ಛವಾಗಿಡಲು, ಆಮ್ಲವನ್ನು ಕೊಲ್ಲಲು, ಸವೆತ ತಡೆಯಲು ಅವು ಬೇಕೇ ಬೇಕು. ಯಾವ ಎಂಜಿನ್ನೂ ಸ್ವಲ್ಪ ಸ್ವಲ್ಪ ಎಣ್ಣೆ ಸುಡುತ್ತಲೇ ಇರುತ್ತದೆ. ಎಣ್ಣೆ ಸುಟ್ಟರೂ ಆ ಲೋಹಗಳು ಬೂದಿಯಾಗಿ ಉಳಿಯುತ್ತವೆ, ಹೋಗಿ ಫಿಲ್ಟರಿನ ತೂತುಗಳಲ್ಲಿ ಕೂರುತ್ತವೆ.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಎಣ್ಣೆ ಸುಮಾರು 850 ಗ್ರಾಂ ತೂಗುತ್ತದೆ. ಬೂದಿಯ ಪ್ರಮಾಣ ಶೇ. 0.8 ಇರುವ ಎಣ್ಣೆ ಒಂದು ಲೀಟರ್ ಸುಟ್ಟರೆ 7 ಗ್ರಾಂನಷ್ಟು ಬೂದಿ. ಶೇ. 1.5 ಇದ್ದರೆ ಹತ್ತಿರ ಹತ್ತಿರ 13 ಗ್ರಾಂ. ಒಂದು ಸಲಕ್ಕೆ ಇದು ಏನೂ ಅಲ್ಲ. ಆದರೆ ದಿನಾ ಘಾಟಿ ಹತ್ತುವ ಗಾಡಿ ವರ್ಷಗಟ್ಟಲೆ ಇದನ್ನೇ ಸುಟ್ಟರೆ ಫಿಲ್ಟರ್ ಅವಧಿಗೆ ಮೊದಲೇ ಕಟ್ಟಿಕೊಳ್ಳುತ್ತದೆ. ಗಾಡಿ ಎಳೆಯುವುದು ಕಡಿಮೆಯಾಗುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಮತ್ತೆ ಮತ್ತೆ ರಿಜನರೇಶನ್ ಶುರುವಾಗುತ್ತದೆ. ಕೊನೆಗೆ ಫಿಲ್ಟರ್ ಬಿಚ್ಚಿ ತೊಳೆಸಬೇಕು, ಇಲ್ಲ ಬದಲಿಸಬೇಕು. ಬದಲಿಸುವುದಾದರೆ ಹತ್ತಾರು ಸಾವಿರ ರೂಪಾಯಿಯ ಮಾತು. ಎಣ್ಣೆಯಲ್ಲಿ ಉಳಿಸಿದ ಹಣ ಅದರ ಮುಂದೆ ಯಾವ ಲೆಕ್ಕ?

ಹಾಗಾಗಿ ಹೊಸ ಗಾಡಿಗೆ ಬ್ಯಾರೆಲ್ ಆಯಿಲ್ ಹಾಕಿಸುವುದನ್ನು ಮೊದಲು ನಿಲ್ಲಿಸಿ. ಬ್ಯಾರೆಲ್ ಎಂದಾಕ್ಷಣ ಕೆಟ್ಟದ್ದು ಅಂತಲ್ಲ. ಅದರ ಮೇಲೆ ಏನು ಬರೆದಿದೆ ಅಂತ ನೀವು ನೋಡಿಲ್ಲ, ಅದು ಸಮಸ್ಯೆ. ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಐ-4 ಪ್ಲಸ್ ದರ್ಜೆಯ 15ಡಬ್ಲ್ಯು-40. ಹಳೆಯ ಗಾಡಿಗಳಿಗೆ ಅದು ಒಳ್ಳೆಯ ಎಣ್ಣೆಯೇ. ಗಂಧಕ ಜಾಸ್ತಿ ಇದ್ದ ಕಾಲದ ಡೀಸೆಲ್‌ಗೆ ಹೊಂದುವಂತೆ ಮಾಡಿದ್ದು, ಹಾಗಾಗಿ ಆಮ್ಲ ಕೊಲ್ಲುವ ಶಕ್ತಿ ಜಾಸ್ತಿ, ಬೂದಿಯೂ ಜಾಸ್ತಿ. ಡಿಪಿಎಫ್ ಇರುವ ಎಂಜಿನ್ನಿಗೆ ಅದು ತಕ್ಕದ್ದಲ್ಲ.

ಈಗ ಸಂಕೇತಗಳಿಗೆ ಬರೋಣ. ಡಬ್ಬಿಯ ಹಿಂದೆ ಎರಡು ಸಂಸ್ಥೆಗಳ ಹೆಸರು ಕಾಣುತ್ತದೆ. ಒಂದು ಎಪಿಐ, ಅಮೆರಿಕದ್ದು. ಇನ್ನೊಂದು ಎಸಿಇಎ, ಯುರೋಪಿನ ವಾಹನ ತಯಾರಕರದ್ದು. ಎಪಿಐಯಲ್ಲಿ ಡೀಸೆಲ್ ಎಣ್ಣೆಯ ಹೆಸರು ಸಿ ಅಕ್ಷರದಿಂದ ಶುರುವಾಗುತ್ತದೆ. ಸಿಐ-4 ಬಂದದ್ದು 2002ರಲ್ಲಿ. ಆಮೇಲೆ ಡಿಪಿಎಫ್ ಬಂದಾಗ ಸಿಜೆ-4 ಮಾಡಿದರು. 2016ರ ಕೊನೆಗೆ ಸಿಕೆ-4 ಬಂತು. ಸಿಜೆ-4 ಮತ್ತು ಸಿಕೆ-4 ಎಣ್ಣೆಗಳಲ್ಲಿ ಬೂದಿ ಶೇ. 1ನ್ನು ಮೀರುವಂತಿಲ್ಲ. ಎಸಿಇಎಯಲ್ಲಿ ಸಿ3 ಎಂಬ ದರ್ಜೆಗೆ ಇನ್ನೂ ಬಿಗಿ, ಶೇ. 0.8. ದೊಡ್ಡ ಗಾಡಿಗಳಿಗಾಗಿ ಇದ್ದ ಇ6, ಇ9 ದರ್ಜೆಗಳಲ್ಲಿ ಶೇ. 1 (2022ರಲ್ಲಿ ಇವುಗಳ ಜಾಗಕ್ಕೆ ಇ8, ಇ11 ಬಂದವು). ನಿಮ್ಮ 2021ರ ಪಿಕಪ್‌ನ ಕೈಪಿಡಿಯಲ್ಲಿ ಇವುಗಳಲ್ಲಿ ಯಾವುದಾದರೂ ಒಂದು, ಅಥವಾ ಗಾಡಿ ಕಂಪನಿಯದ್ದೇ ಸ್ವಂತ ಸಂಕೇತ, ಇದ್ದೇ ಇರುತ್ತದೆ. ಅದನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಆ ಫೋಟೊ ತೋರಿಸಿ, ಅದೇ ಸಂಕೇತ ಇರುವ ಡಬ್ಬಿ ಕೇಳಿ. ‘ಇದೂ ಅದೇ ಥರ, ಇನ್ನೂ ಒಳ್ಳೇದು’ ಅಂತ ಬೇರೆ ಕೊಟ್ಟರೆ ತೆಗೆದುಕೊಳ್ಳಬೇಡಿ.

ಒಂದು ಎಚ್ಚರಿಕೆ. ಎಫ್‌ಎ-4 ಎಂಬ ದರ್ಜೆಯೂ ಇದೆ, ಸಿಕೆ-4ರ ಜೊತೆಗೇ ಬಂದದ್ದು. ಇಂಧನ ಉಳಿಸಲೆಂದು ಬೇಕಂತಲೇ ತೆಳು ಮಾಡಿದ ಎಣ್ಣೆ ಅದು. ಕೈಪಿಡಿಯಲ್ಲಿ ಅದರ ಹೆಸರೇ ಬರೆದಿದ್ದರೆ ಮಾತ್ರ ಹಾಕಬೇಕು.

ಇನ್ನು ಮೆಕ್ಯಾನಿಕ್ ಹೇಳಿದ ಸೆಖೆಯ ವಿಷಯ. ಅವರ ಕಾಳಜಿ ಸುಳ್ಳಲ್ಲ. ಆದರೆ 5ಡಬ್ಲ್ಯು-30 ನೀರಿನಂಥ ಎಣ್ಣೆ ಎನ್ನುವುದು ಸರಿಯಲ್ಲ. ದ್ರವದ ಮಂದತೆಯನ್ನು ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುತ್ತಾರೆ. 20 ಡಿಗ್ರಿಯ ನೀರಿನ ಮಂದತೆ 1. ನೀರು ಕುದಿಯುವ 100 ಡಿಗ್ರಿ ಬಿಸಿಯಲ್ಲೂ 30 ದರ್ಜೆಯ (5ಡಬ್ಲ್ಯು-30ರಲ್ಲಿ ಕೊನೆಗೆ ಬರುವ ಅಂಕಿ) ಎಣ್ಣೆ 9.3ಕ್ಕಿಂತ ಕೆಳಗೆ ಇಳಿಯುವಂತಿಲ್ಲ, 40 ದರ್ಜೆಯದು 12.5ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ವ್ಯತ್ಯಾಸ ಇದೆ, ಆದರೆ ಎಣ್ಣೆಗೂ ನೀರಿಗೂ ಇರುವಷ್ಟಲ್ಲ.

ಎರಡನೆಯದಾಗಿ, ಹೊರಗಿನ ಸೆಖೆ ಎಂಜಿನ್ನಿನ ಒಳಗೆ ನಾವು ಅಂದುಕೊಂಡಷ್ಟು ಲೆಕ್ಕಕ್ಕೆ ಬರುವುದಿಲ್ಲ. ಓಡುವ ಎಂಜಿನ್ನಿನಲ್ಲಿ ಎಣ್ಣೆ ಸಾಮಾನ್ಯವಾಗಿ 90ರಿಂದ 110 ಡಿಗ್ರಿಯಲ್ಲಿರುತ್ತದೆ. ಎಂಜಿನ್ ತಂಪಾಗಿಡುವ ಕೂಲಂಟನ್ನು ಥರ್ಮೋಸ್ಟಾಟ್ ಹಿಡಿತದಲ್ಲಿಡುವುದರಿಂದ ಮಲ್ಪೆಯಲ್ಲಿ 34 ಡಿಗ್ರಿ ಇದ್ದರೂ ಆಗುಂಬೆಯಲ್ಲಿ 22 ಇದ್ದರೂ ಒಳಗಿನ ಬಿಸಿ ಅಷ್ಟೇನೂ ಬದಲಾಗುವುದಿಲ್ಲ. ಎಣ್ಣೆಯನ್ನು ನಿಜವಾಗಿ ಕಾಯಿಸುವುದು ಲೋಡು ಮತ್ತು ಏರು. ಸೋಮೇಶ್ವರ ದಾಟಿದ ಮೇಲೆ ಶುರುವಾಗುವ ಆ 14 ತಿರುವುಗಳನ್ನು ನೆನಪಿಸಿಕೊಳ್ಳಿ. ಬಾಡಿ ತುಂಬ ಮೀನು, ಐಸು. ಒಂದು, ಎರಡನೇ ಗೇರಿನಲ್ಲಿ ಎಂಜಿನ್ ಪೂರ್ತಿ ದಮ್ಮು ಹಾಕುತ್ತಿರುತ್ತದೆ, ಗಾಡಿಯ ವೇಗ ಮಾತ್ರ ಕಡಿಮೆ, ರೇಡಿಯೇಟರಿಗೆ ಗಾಳಿಯೂ ಕಡಿಮೆ. ಎಣ್ಣೆ ಪರೀಕ್ಷೆಗೆ ಒಳಗಾಗುವುದು ಅಲ್ಲಿ.

ಅಲ್ಲಿಗೆ ಬೇಕಾದ ಅಂಕಿಯೇ ಬೇರೆ. ಅದರ ಹೆಸರು ಎಚ್‌ಟಿಎಚ್‌ಎಸ್. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನ ಸಂದಿಯಲ್ಲಿ ಉಜ್ಜಿಸಿಕೊಂಡಾಗ ಎಣ್ಣೆಯ ಪೊರೆ ಎಷ್ಟು ಗಟ್ಟಿ ಉಳಿಯುತ್ತದೆ ಅಂತ ಹೇಳುವ ಅಂಕಿ. 15ಡಬ್ಲ್ಯು-40 ಎಣ್ಣೆಗೆ ಇದು ಕನಿಷ್ಠ 3.7 ಇರಬೇಕು. 30 ದರ್ಜೆಯ ಎಣ್ಣೆಗೆ ಕನಿಷ್ಠ 2.9 ಇದ್ದರೂ ಸಾಕು. ಇಲ್ಲೇ ಜನ ಮೋಸ ಹೋಗುವುದು. ಎರಡು ಡಬ್ಬಿಗಳ ಮೇಲೂ 5ಡಬ್ಲ್ಯು-30 ಫುಲ್ ಸಿಂಥೆಟಿಕ್ ಅಂತಲೇ ಬರೆದಿರುತ್ತದೆ. ಒಂದು ಪೆಟ್ರೋಲ್ ಕಾರಿಗೆ ಮಾಡಿದ್ದು, ಅದರ ಎಚ್‌ಟಿಎಚ್‌ಎಸ್ 3ರ ಆಸುಪಾಸು. ಇನ್ನೊಂದು ಎಸಿಇಎ ಸಿ3 ದರ್ಜೆಯದು, ಅದರಲ್ಲಿ 3.5ಕ್ಕಿಂತ ಕಡಿಮೆ ಇರುವಂತೆಯೇ ಇಲ್ಲ. ಸಿಕೆ-4ಕ್ಕೂ ಕನಿಷ್ಠ 3.5. ಎದುರಿನ ಬರಹ ಒಂದೇ, ಬಣ್ಣವೂ ಹೆಚ್ಚುಕಡಿಮೆ ಒಂದೇ, ಘಾಟಿಯಲ್ಲಿ ಬಾಳುವ ರೀತಿ ಬೇರೆ. ಹಾಗಾಗಿ ಅಂಗಡಿಯವರು ಕೊಡಲು ಹೊರಟ ಆ 5ಡಬ್ಲ್ಯು-30 ಸರಿಯೋ ತಪ್ಪೋ ಅಂತ ಹೇಳಬೇಕಾದರೆ ನನಗೆ ಅದರ ಹಿಂಭಾಗ ಕಾಣಬೇಕು. ಬರೀ ಪೆಟ್ರೋಲ್ ಗಾಡಿಯ ಸಂಕೇತ, ಅಂದರೆ ಎಸ್ ಅಕ್ಷರದ್ದು ಮಾತ್ರ ಇದ್ದರೆ ಬೇಡವೇ ಬೇಡ. ಸಿ3 ಅಥವಾ ಸಿಕೆ-4 ಇದ್ದು, ಕೈಪಿಡಿಯೂ 5ಡಬ್ಲ್ಯು-30 ಅಂತ ಹೇಳಿದ್ದರೆ ಹೆದರದೆ ಹಾಕಿ. ನಿಮ್ಮ ಎಂಜಿನ್ನಿನ ಆಯಿಲ್ ಪಂಪು, ಬೇರಿಂಗಿನ ಸಂದು ಎಲ್ಲವನ್ನೂ ಆ ಮಂದತೆಗೇ ಲೆಕ್ಕ ಹಾಕಿ ಮಾಡಿರುತ್ತಾರೆ.

ಕೈಪಿಡಿ ಒಂದಕ್ಕಿಂತ ಹೆಚ್ಚು ದರ್ಜೆಗೆ ಅವಕಾಶ ಕೊಟ್ಟಿದೆಯೇ? ಹಾಗಿದ್ದರೆ ನಿಮ್ಮ ಕೆಲಸಕ್ಕೆ 40ರ ಎಣ್ಣೆಯೇ ನನ್ನ ಆಯ್ಕೆ. 5ಡಬ್ಲ್ಯು-40, 10ಡಬ್ಲ್ಯು-40, 15ಡಬ್ಲ್ಯು-40 ಯಾವುದಾದರೂ ಆಗಬಹುದು, ಕಡಿಮೆ ಬೂದಿಯದಾಗಿದ್ದರೆ. ಡಬ್ಲ್ಯು ಅಕ್ಷರಕ್ಕಿಂತ ಮೊದಲು ಬರುವ ಅಂಕಿ ಚಳಿಗೆ ಸಂಬಂಧಿಸಿದ್ದು. 15ಡಬ್ಲ್ಯು ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 5ಡಬ್ಲ್ಯು ಎಣ್ಣೆಯನ್ನು 30 ಡಿಗ್ರಿ ಕೆಳಗೆ. ಕರಾವಳಿಯಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಬೆಳಗಿನ ಜಾವ ದಕ್ಕೆಯಲ್ಲಿ, ಅಂದರೆ ಮೀನು ಇಳಿಸುವ ಬಂದರಿನಲ್ಲಿ, ಎಂಜಿನ್ ಚಾಲೂ ಮಾಡಿದಾಗ 5ಡಬ್ಲ್ಯು ಎಣ್ಣೆ ಟರ್ಬೊವರೆಗೆ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಭಾಗ) ಸ್ವಲ್ಪ ಬೇಗ ಮುಟ್ಟುತ್ತದೆ ನಿಜ. ಆದರೆ ಲಡಾಖಿನಲ್ಲಿ ಗಾಡಿ ಓಡಿಸುವವರಿಗೆ ಸಿಗುವ ಲಾಭ ಮಲ್ಪೆಯವರಿಗೆ ಸಿಗುವುದಿಲ್ಲ. ಅದಕ್ಕಾಗಿಯೇ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಹಾಗಾದರೆ ಸಿಂಥೆಟಿಕ್ ಯಾಕೆ ಬೇಕು? ಬಿಸಿ ತಡೆಯಲು. ಎಣ್ಣೆಯ ಬಿಸಿ 10 ಡಿಗ್ರಿ ಏರಿದರೆ ಅದು ಹಳಸುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎನ್ನುವುದು ಈ ಕೆಲಸದಲ್ಲಿರುವವರ ಅಂದಾಜು. ಮಿನರಲ್ ಎಣ್ಣೆ ಎಂದರೆ ಕಚ್ಚಾತೈಲವನ್ನು ಶುದ್ಧ ಮಾಡಿ ತೆಗೆದದ್ದು, ಅದರಲ್ಲಿ ಎಲ್ಲ ಗಾತ್ರದ ಕಣಗಳೂ ಇರುತ್ತವೆ, ಸ್ವಲ್ಪ ಗಂಧಕವೂ ಇರುತ್ತದೆ. ಹಗುರ ಕಣಗಳು ಬಿಸಿಗೆ ಆವಿಯಾಗುತ್ತವೆ, ಉಳಿದದ್ದು ಅಂಟಂಟಾಗುತ್ತದೆ. ಸಿಂಥೆಟಿಕ್ ಎಣ್ಣೆಯ ಕಣಗಳು ಹೆಚ್ಚುಕಡಿಮೆ ಒಂದೇ ಗಾತ್ರದವು. ಬೇಗ ಆವಿಯಾಗುವುದಿಲ್ಲ, ಬೇಗ ಹಳಸುವುದಿಲ್ಲ, ಬಿಸಿಗೂ ತಂಪಿಗೂ ಮಂದತೆ ಜಾಸ್ತಿ ಏರುಪೇರಾಗುವುದಿಲ್ಲ. ಟರ್ಬೊ ಇರುವ ಎಂಜಿನ್ನಿಗೆ ಇದು ದೊಡ್ಡ ಉಪಕಾರ. ಟರ್ಬೊದ ಕಡ್ಡಿ ನಿಮಿಷಕ್ಕೆ ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ, ತೇಲುವುದು ಎಣ್ಣೆಯ ಪೊರೆಯ ಮೇಲೆ, ಪಕ್ಕದಲ್ಲೇ ಕೆಂಪಗೆ ಕಾಯುವ ಹೊಗೆ. ಘಾಟಿ ಹತ್ತಿ ಆಗುಂಬೆ ಪೇಟೆಯಲ್ಲಿ ಚಹಾಕ್ಕೆ ನಿಲ್ಲಿಸಿದ ಕೂಡಲೇ ಕೀ ತಿರುಗಿಸಿದರೆ ಅಲ್ಲಿರುವ ಎಣ್ಣೆ ನಿಂತಲ್ಲೇ ಕರಕಲಾಗುತ್ತದೆ. ಒಂದೆರಡು ನಿಮಿಷ ಎಂಜಿನ್ ಸುಮ್ನೆ ಓಡಲಿ, ಆಮೇಲೆ ಆಫ್ ಮಾಡಿ. ಎಷ್ಟೇ ದುಬಾರಿ ಎಣ್ಣೆ ಹಾಕಿದರೂ ಈ ಅಭ್ಯಾಸ ಬೇಕು ಮಾರಾಯ್ರೆ. ಚಾಲಕರಿಗೂ ಹೇಳಿಡಿ.

ಸಿಂಥೆಟಿಕ್ ಎಂಬ ಹೆಸರಿನ ಬಗ್ಗೆಯೂ ಸ್ವಲ್ಪ ಗೊತ್ತಿರಲಿ. ಮೂಲ ಎಣ್ಣೆಗಳನ್ನು ಎಪಿಐ 5 ಗುಂಪುಗಳಾಗಿ ವಿಂಗಡಿಸಿದೆ. ಮೊದಲೆರಡು ಗುಂಪು ಮಿನರಲ್. 4ನೆಯದು ಪಿಎಒ, ಕಾರ್ಖಾನೆಯಲ್ಲಿ ಕಣ ಕಣ ಜೋಡಿಸಿ ಮಾಡಿದ್ದು. 5ನೆಯದು ಎಸ್ಟರ್‌ನಂಥ ಇತರೆ ಎಣ್ಣೆಗಳು. 3ನೆಯದು ಕಚ್ಚಾತೈಲದಿಂದಲೇ ಬಂದದ್ದು, ಆದರೆ ಭಾರಿ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಅದರ ರಚನೆಯನ್ನೇ ಬದಲಿಸಿರುತ್ತಾರೆ. ಈ 3ನೇ ಗುಂಪನ್ನು ಸಿಂಥೆಟಿಕ್ ಅನ್ನಬಹುದೇ ಎಂಬ ಬಗ್ಗೆ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಜಾಹೀರಾತಿನ ಜಗಳ ನಡೆದು, 1999ರಲ್ಲಿ ಅನ್ನಬಹುದು ಅಂತ ತೀರ್ಮಾನವಾಯಿತು. ಅಂದಿನಿಂದ ಅಂಗಡಿಯ ಬಹುಪಾಲು ಫುಲ್ ಸಿಂಥೆಟಿಕ್ ಡಬ್ಬಿಗಳಲ್ಲಿ ಇರುವುದು ಈ 3ನೇ ಗುಂಪಿನ ಎಣ್ಣೆ. ಅದು ಮೋಸ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಎಣ್ಣೆಯೇ, ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಆದರೆ ಸಿಂಥೆಟಿಕ್ ಎನ್ನುವ ಮಾತು ನಿಮಗೆ ಇಂತಿಷ್ಟೇ ಗುಣ ಅಂತ ಖಾತ್ರಿ ಕೊಡುವುದಿಲ್ಲ. ‘ಸಿಂಥೆಟಿಕ್ ಟೆಕ್ನಾಲಜಿ’, ‘ಸೆಮಿ ಸಿಂಥೆಟಿಕ್’ ಅಂತೆಲ್ಲ ಬರೆದಿದ್ದರೆ ಮಿಶ್ರಣ ಅಂತ ತಿಳಿಯಿರಿ, ಎಷ್ಟು ಪಾಲು ಅಂತ ಡಬ್ಬಿ ಹೇಳುವುದಿಲ್ಲ. ಖಾತ್ರಿ ಕೊಡುವುದು ಹಿಂದಿರುವ ಸಂಕೇತ ಮಾತ್ರ.

ಬ್ರಾಂಡ್ ಯಾವುದು ಅಂತ ನೀವು ಕೇಳಿಲ್ಲ, ಆದರೆ ಮುಂದೆ ಅದೇ ಪ್ರಶ್ನೆ ಬರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಸರ್ವೋ, ಮ್ಯಾಕ್, ಎಚ್‌ಪಿ ಆಗಲಿ, ಅಂಗಡಿಯ ಶೆಲ್, ಕ್ಯಾಸ್ಟ್ರಾಲ್, ಮೊಬಿಲ್, ಗಲ್ಫ್ ಆಗಲಿ, ಇಲ್ಲ ಗಾಡಿ ಕಂಪನಿಯದ್ದೇ ಡಬ್ಬಿಯಾಗಲಿ, ಕೈಪಿಡಿಯ ಸಂಕೇತ ಇದ್ದರೆ ಯಾವುದೂ ನಡೆಯುತ್ತದೆ. ಬ್ರಾಂಡಿಗಿಂತ ನಾನು ಜಾಸ್ತಿ ಹೆದರುವುದು ನಕಲಿಗೆ. ಹೆಸರಾಂತ ಡಬ್ಬಿಗಳಿಗೇ ನಕಲಿ ಜಾಸ್ತಿ. ಸೀಲು ನೋಡಿ, ತಯಾರಾದ ತಿಂಗಳು ನೋಡಿ, ಕ್ಯೂಆರ್ ಇದ್ದರೆ ಸ್ಕ್ಯಾನ್ ಮಾಡಿ. ಅಧಿಕೃತ ಡೀಲರಿಂದ ಜಿಎಸ್‌ಟಿ ಬಿಲ್ ಸಮೇತ ಕೊಳ್ಳಿ. ವಾರಂಟಿ ಇರುವ ಗಾಡಿಗೆ ಆ ಬಿಲ್ಲೇ ನಿಮ್ಮ ಸಾಕ್ಷಿ. ಡಬ್ಬಿಯನ್ನು ನಿಮ್ಮೆದುರೇ ತೆರೆಸಿ, ಖಾಲಿಯಾದ ಮೇಲೆ ಅಲ್ಲೇ ಒಂದು ತೂತು ಹೊಡೆಸಿ. ಹಾಗೇ ಬಿಟ್ಟ ಡಬ್ಬಿ ನಾಳೆ ಬೇರೆ ಎಣ್ಣೆ ತುಂಬಿಕೊಂಡು ಇನ್ನೊಬ್ಬರ ಎಂಜಿನ್ ಸೇರಬಹುದು.

ಈಗ ಆ 20,000 ಕಿಲೋಮೀಟರಿನ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಎಷ್ಟು ಕಿಲೋಮೀಟರಿಗೆ, ಎಷ್ಟು ತಿಂಗಳಿಗೆ ಬದಲಿಸಬೇಕು ಅಂತ ಕೈಪಿಡಿಯಲ್ಲಿದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. ಸಿಂಥೆಟಿಕ್ ಹಾಕಿದರೂ ಅದನ್ನು ಮೀರಬೇಡಿ. ಎಣ್ಣೆ ಹಳಸುವುದು ಒಂದು ಕಾರಣ ಮಾತ್ರ. ಮಸಿ ತುಂಬುವುದು, ಡೀಸೆಲ್ ಬೆರೆಯುವುದು, ಬೂದಿಯಾಗುವ ಆ ರಾಸಾಯನಿಕಗಳು ಖರ್ಚಾಗುವುದು ಇವೆಲ್ಲ ಸಿಂಥೆಟಿಕ್‌ಗೂ ಇದ್ದದ್ದೇ.

ಡೀಸೆಲ್ ಬೆರೆಯುವ ವಿಷಯ ಬಿಎಸ್ 6 ಗಾಡಿ ಇರುವ ಎಲ್ಲರಿಗೂ ಗೊತ್ತಿರಬೇಕು. ರಿಜನರೇಶನ್ ನಡೆಯುವಾಗ ಫಿಲ್ಟರ್ ಕಾಯಿಸಲು ಎಂಜಿನ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅನೇಕ ಎಂಜಿನ್ನುಗಳಲ್ಲಿ ಅದು ಸಿಲಿಂಡರಿನ ಒಳಗೇ ಚಿಮ್ಮುತ್ತದೆ. ಅದರಲ್ಲೊಂದು ಪಾಲು ಗೋಡೆಗುಂಟ ಜಾರಿ ಕೆಳಗಿನ ಎಣ್ಣೆಗೆ ಸೇರುತ್ತದೆ. ಗಾಡಿ ಒಂದೇ ಸಮ ಓಡಿದರೆ ಕೆಲಸ ಪೂರ್ತಿಯಾಗಿ ನಿಲ್ಲುತ್ತದೆ. ಮಧ್ಯದಲ್ಲೇ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು, ಮತ್ತೆ ಡೀಸೆಲ್. ದಕ್ಕೆಯ ಸಾಲಿನಲ್ಲಿ ಗಂಟೆಗಟ್ಟಲೆ ಎಂಜಿನ್ ಓಡಿಸುತ್ತ ನಿಲ್ಲುವುದು, ಉಡುಪಿ ಪೇಟೆಯೊಳಗೆ ಸಣ್ಣ ಸಣ್ಣ ಸುತ್ತು ಹೊಡೆಯುವುದು ಇದಕ್ಕೆ ಒಗ್ಗುವುದಿಲ್ಲ. ದೀಪ ಹತ್ತಿದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೈಪಿಡಿ ಹೇಳಿದ ವೇಗದಲ್ಲಿ, ಒಂದೇ ಸಮ, ದೀಪ ಆರುವವರೆಗೆ ಓಡಿಸಿ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ತೆಗೆದು ನೋಡಿ. ಎಣ್ಣೆಯ ಮಟ್ಟ ಕೆಳಗೆ ಹೋಗಿದ್ದರೆ ಎಲ್ಲರೂ ಗಮನಿಸುತ್ತಾರೆ. ಮೇಲೆ ಬಂದಿದ್ದರೆ ಖುಷಿಪಡುತ್ತಾರೆ, ಅದೇ ಅಪಾಯ. ಮೇಲಿನ ಗೆರೆ ದಾಟಿದ್ದರೆ ಡೀಸೆಲ್ ಬೆರೆತಿದೆ, ಅಥವಾ ಕೂಲಂಟ್ ಇಳಿಯುತ್ತಿದೆ. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ಅದು ನೀರು. ಎರಡರಲ್ಲಿ ಯಾವುದೇ ಆಗಿದ್ದರೂ ಗಾಡಿ ಹೊರಡಿಸಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಬರೀ ಕಪ್ಪಾಗಿದೆ ಅಂತ ಮಾತ್ರ ಗಾಬರಿ ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಬೇಗ ಕಪ್ಪಾಗುತ್ತದೆ. ಮಸಿಯನ್ನು ಎಣ್ಣೆ ತನ್ನಲ್ಲಿ ಹಿಡಿದಿಟ್ಟುಕೊಂಡಿದೆ, ಎಂಜಿನ್ನಿಗೆ ಮೆತ್ತಲು ಬಿಟ್ಟಿಲ್ಲ ಅಂತ ಅದರ ಅರ್ಥ.

ನಿಂತು ಓಡುವ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ಗಂಟೆ ನಿಂತು ಓಡಿದರೆ 40ರಿಂದ 50 ಕಿ.ಮೀ. ಓಡಿದಂತೆ ಅಂತ ಎಣಿಸುವ ರೂಢಿ ಇದೆ. ಮೀಟರಿನಲ್ಲಿ ಅದು ಕಾಣುವುದಿಲ್ಲ, ಎಣ್ಣೆಗೆ ಮಾತ್ರ ಗೊತ್ತಾಗುತ್ತದೆ. ನಿಮ್ಮದು ಘಾಟಿ, ಭಾರ, ನಿಲುಗಡೆ ಮೂರೂ ಇರುವ ಕೆಲಸ. ಕೈಪಿಡಿಯಲ್ಲಿ ‘ಕಠಿಣ ಬಳಕೆ’ ಅಂತ ಬೇರೆ ಅವಧಿ ಕೊಟ್ಟಿದ್ದರೆ ನಿಮಗೆ ಅನ್ವಯಿಸುವುದು ಅದೇ. ಸಿಂಥೆಟಿಕ್‌ಗೆ ಕೊಟ್ಟ ಹೆಚ್ಚಿನ ಹಣವನ್ನು ಎಂಜಿನ್ ಆಯುಷ್ಯದಲ್ಲಿ ಮರಳಿ ಪಡೆಯಿರಿ, ಕಿಲೋಮೀಟರಿನಲ್ಲಿ ಪಡೆಯಲು ಹೋಗಬೇಡಿ.

ಇನ್ನು ನಮ್ಮ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನಿನ ಗಾಡಿಗಳೂ ಆಗ ಅಂಗಳದಲ್ಲಿ ನಿಂತಿರುತ್ತವೆ. ಅನೇಕರು ಆಗಸ್ಟಿನಲ್ಲಿ ಗಾಡಿ ಹೊರತೆಗೆಯುವ ಮುಂಚೆ ಆಯಿಲ್ ಬದಲಿಸುತ್ತಾರೆ. ಬದಲಿಸುವ ಸಮಯ ಹತ್ತಿರ ಬಂದಿದ್ದರೆ ಮೇ ಕೊನೆಗೇ ಮಾಡಿಸಿ ಅಂತ ನಾನು ಹೇಳುತ್ತೇನೆ. ಓಡಿದ ಎಣ್ಣೆಯಲ್ಲಿ ಆಮ್ಲ, ತೇವ ಸೇರಿರುತ್ತದೆ. ಅದನ್ನು ಎರಡು ತಿಂಗಳು ಬೇರಿಂಗಿನ ಮೇಲೆ ಕೂರಿಸಿಡುವುದು ಒಳ್ಳೆಯದಲ್ಲ, ಅದೂ ಗೋಡೆಯೇ ಬೆವರುವ ನಮ್ಮ ಜೂನ್ ತಿಂಗಳಲ್ಲಿ. ನಿಂತ ಗಾಡಿಯನ್ನು ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಒಳಗೆ ಇನ್ನಷ್ಟು ನೀರು ಕಟ್ಟುತ್ತದೆ ಅಷ್ಟೇ. ವಾರಕ್ಕೆ ಒಂದು ಸಲ ಕುಂದಾಪುರದ ಕಡೆಗೋ ಪಡುಬಿದ್ರಿಯ ಕಡೆಗೋ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ. ಎಣ್ಣೆ ಪೂರ್ತಿ ಕಾದರೆ ತೇವ ಆವಿಯಾಗಿ ಹೋಗುತ್ತದೆ.

ಆಯಿಲ್ ಬದಲಿಸುವ ದಿನ ಗಾಡಿಯ ಕೆಳಗೆ ಇಣುಕಿ ನೋಡಿ. ಮೀನಿನ ಬಾಕ್ಸಿನಿಂದ ಇಳಿಯುವ ಉಪ್ಪುನೀರು ಚಾಸಿಸ್ ತಿನ್ನುವುದು ನಿಮಗೆ ಗೊತ್ತೇ ಇದೆ. ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತಗಡಿನ ಆಯಿಲ್ ಸಂಪನ್ನೂ ಅದು ತಿನ್ನುತ್ತದೆ. ತುಕ್ಕು ಆಳಕ್ಕಿಳಿದು ಸೂಜಿಮೊನೆಯಷ್ಟು ತೂತಾದರೆ ಘಾಟಿಯ ಮಧ್ಯದಲ್ಲಿ ಎಣ್ಣೆಯೆಲ್ಲ ಹೋಗಿ ಎಂಜಿನ್ ಹಿಡಿದುಕೊಳ್ಳುತ್ತದೆ. ಸಿಹಿನೀರಿನಿಂದ ಕೆಳಗೆಲ್ಲ ತೊಳೆಸಿ, ತುಕ್ಕು ಕೆರೆಸಿ, ಬಣ್ಣ ಹೊಡೆಸಿ. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದಿರಲಿ. ಆಯಿಲ್ ಫಿಲ್ಟರ್ ಕೂಡ ಪ್ರತಿ ಸಲ ಹೊಸದು, ಕಂಪನಿಯದ್ದೇ. ಒಳ್ಳೆಯ ಎಣ್ಣೆ ಹಾಕಿ ಅಗ್ಗದ ಫಿಲ್ಟರ್ ಕೂರಿಸಿದರೆ ಅರ್ಧ ಹಣ ಹೋದಂತೆ.

ಈಗ 2012ರ ಹಳೆಯ ಗಾಡಿ. ಅದಕ್ಕೆ ಡಿಪಿಎಫ್ ಇಲ್ಲ. ಬೂದಿಯ ಚಿಂತೆ ಇಲ್ಲ. ಕೈಪಿಡಿಯ ದರ್ಜೆಗೆ ಸರಿಹೊಂದುವ ಸಿಐ-4 ಪ್ಲಸ್ 15ಡಬ್ಲ್ಯು-40 ಮಿನರಲ್ ಎಣ್ಣೆ ಧಾರಾಳವಾಗಿ ಸಾಕು. ಊರೊಳಗೆ ಓಡುವ, ಘಾಟಿ ಹತ್ತದ ಗಾಡಿಗೆ ಹೆಚ್ಚುಕಡಿಮೆ ಎರಡು ಪಟ್ಟು ಹಣ ಕೊಟ್ಟು ಫುಲ್ ಸಿಂಥೆಟಿಕ್ ಹಾಕಿಸಬೇಕಾದ ಕಾರಣ ನನಗೆ ಕಾಣುವುದಿಲ್ಲ. ಆ ಹಣದಲ್ಲಿ ಏರ್ ಫಿಲ್ಟರ್ ನೋಡಿಕೊಳ್ಳಿ. ಕೆಂಪುಕಲ್ಲಿನ ಕೋರೆಯ ದಾರಿಯಲ್ಲಿ ಏಳುವ ಆ ನುಣ್ಣನೆಯ ಧೂಳು ಫಿಲ್ಟರಿನ ಸಂದಿಯಿಂದ ಒಳಗೆ ಹೋದರೆ ಪಿಸ್ಟನ್ ರಿಂಗನ್ನು ಉಜ್ಜಿ ತೆಗೆಯುತ್ತದೆ. ಯಾವ ಎಣ್ಣೆಯೂ ಅದನ್ನು ತಡೆಯಲಾರದು. ಫಿಲ್ಟರ್ ಮನೆಯ ರಬ್ಬರ್, ಕ್ಲಿಪ್ಪು, ಹೋಸಿನ ಬಿರುಕು ಇವನ್ನೆಲ್ಲ ಕೈಯಿಂದ ಮುಟ್ಟಿ ನೋಡಿ. ಹಳೆಯ ಎಂಜಿನ್ ಎಣ್ಣೆ ಜಾಸ್ತಿ ಕುಡಿಯುತ್ತಿದೆ ಅಂತ 20ಡಬ್ಲ್ಯು-50 ಹಾಕುವವರಿದ್ದಾರೆ. ಹೊಗೆ ಸ್ವಲ್ಪ ದಿನ ಕಡಿಮೆ ಕಾಣಬಹುದು, ರಿಂಗಿನ ಸವೆತ ಹಾಗೇ ಇರುತ್ತದೆ.

ಎರಡೂ ಗಾಡಿಗೆ ಒಂದೇ ಎಣ್ಣೆ ಇಟ್ಟುಕೊಳ್ಳುವ ಅನುಕೂಲವೇ ಬೇಕು ಅಂದರೆ ಸಿಕೆ-4 15ಡಬ್ಲ್ಯು-40 ನೋಡಬಹುದು. ಹಳೆಯ ಸಿಐ-4 ಗಾಡಿಗಳಿಗೂ ಅದು ನಡೆಯುತ್ತದೆ. ಆದರೆ ಹೊಸ ಗಾಡಿಯ ಕೈಪಿಡಿ ಅದಕ್ಕೆ ಒಪ್ಪಿದ್ದರೆ ಮಾತ್ರ. ತಿರುಗಾಮುರುಗಾ ಮಾಡಬೇಡಿ. ಹಳೆಯ ಗಾಡಿಯ ಎಣ್ಣೆ ಹೊಸದಕ್ಕೆ ಹೋಗಬಾರದು.

ತೆಗೆದ ಹಳೆಯ ಎಣ್ಣೆಯನ್ನು ಕಟ್ಟಿಗೆಗೆ, ಬೇಲಿಯ ಕಂಬಕ್ಕೆ, ಸೆಂಟ್ರಿಂಗ್ ಹಲಗೆಗೆ ಬಳಿಯುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ನಮ್ಮ ಮಳೆಗೆ ಅದು ಕಂಬದಿಂದ ಇಳಿದು ನೇರ ಬಾವಿಗೆ ಹೋಗುತ್ತದೆ. ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡುವ ಗ್ಯಾರೇಜಿನಲ್ಲೇ ಆಯಿಲ್ ಬದಲಿಸಿ.

ಕೊನೆಗೆ ದಾರಿಯಲ್ಲಿ ಎಣ್ಣೆ ಕಡಿಮೆಯಾದರೆ ಏನು ಮಾಡುವುದು ಅಂತ ಹೇಳಿಬಿಡುತ್ತೇನೆ. ತೀರ್ಥಹಳ್ಳಿಯಲ್ಲಿ ರಾತ್ರಿ, ಮಟ್ಟ ಕೆಳಗಿನ ಗೆರೆಗಿಂತ ಕೆಳಗಿದೆ, ಅಂಗಡಿಯಲ್ಲಿರುವುದು ಸಿಐ-4 ಪ್ಲಸ್ ಮಿನರಲ್ ಮಾತ್ರ. ಅರ್ಧ ಲೀಟರ್ ಹಾಕಿ ಮುಂದೆ ಹೋಗಿ. ಸಿಂಥೆಟಿಕ್, ಮಿನರಲ್ ಬೆರೆತರೆ ಎಣ್ಣೆ ಒಡೆಯುವುದಿಲ್ಲ. ಎಣ್ಣೆ ಇಲ್ಲದೆ ಓಡುವುದಕ್ಕಿಂತ ಇದು ಎಷ್ಟೋ ಮೇಲು. ಹಾಕಿದ್ದನ್ನು ಲಾಗ್ ಪುಸ್ತಕದಲ್ಲಿ ಬರೆದಿಡಿ, ಮುಂದಿನ ಬದಲಾವಣೆಯನ್ನು ಸ್ವಲ್ಪ ಮೊದಲೇ ಮಾಡಿಸಿ. ಇನ್ನೂ ಒಳ್ಳೆಯದು, ನಿಮ್ಮದೇ ಎಣ್ಣೆಯ ಒಂದು ಲೀಟರ್ ಸೀಲು ಡಬ್ಬಿಯನ್ನು ಸೀಟಿನ ಹಿಂದೆ ಇಟ್ಟುಕೊಂಡಿರಿ.